ಮೂಲ ಸಿಗದ ಕ್ಯಾನ್ಸರ್: ರಕ್ತ ಪರೀಕ್ಷೆ, ಬಯಾಪ್ಸಿ, ಜೀನ್ ಪರೀಕ್ಷೆ, ಯಾವುದು ಯಾರಿಗೆ?

ಅಪ್ಪನ ಲಿವರಿನಲ್ಲಿ ಗಡ್ಡೆ, ಶುರುವಾಗಿದ್ದು ಎಲ್ಲಿ ಅಂತ ಸ್ಕ್ಯಾನಿನಲ್ಲೂ ಕಾಣಲಿಲ್ಲ, ಮುಂದಿನ ಅಂದಾಜಿಗೆ ಯಾವ ಪರೀಕ್ಷೆ ನಂಬೋಣ ಅಂತ ಶಿರಸಿಯಿಂದ ಕೇಳಿದ್ದೀರಿ.

ಖರ್ಚು, ಓಡಾಟ ನೋಡಿದರೆ ಎಲ್‌ಡಿಎಚ್ ರಕ್ತ ಪರೀಕ್ಷೆಯೇ ಹಗುರ, ಜೀವಕೋಶಗಳು ಹಾಳಾದಾಗ ರಕ್ತದಲ್ಲಿ ಏರುವ ಒಂದು ಕಿಣ್ವವನ್ನು ಅದು ಅಳೆಯುತ್ತದೆ. ಅದರ ಜೊತೆ ಅಪ್ಪ ದಿನಾ ಎಷ್ಟು ಎದ್ದು ಓಡಾಡುತ್ತಾರೆ ಅಂತ ನೋಡುತ್ತಾರೆ, ಅಷ್ಟೇ. 2002ರಲ್ಲಿ ಫ್ರಾನ್ಸಿನ ವೈದ್ಯರು ಕೊಟ್ಟ ಲೆಕ್ಕದಲ್ಲಿ ಎರಡೂ ಚೆನ್ನಾಗಿದ್ದವರಲ್ಲಿ ಅರ್ಧದಷ್ಟು ಜನ ಸುಮಾರು 12 ತಿಂಗಳು ಅಥವಾ ಇನ್ನೂ ಹೆಚ್ಚು ಬದುಕಿದ್ದರು, ಒಂದಾದರೂ ಕೆಟ್ಟಿದ್ದವರಲ್ಲಿ ಸುಮಾರು 4 ತಿಂಗಳು. ಆದರೆ ಇದು ಗುಂಪಿನ ಲೆಕ್ಕ, ನಿಮ್ಮ ಅಪ್ಪನ ಹಣೆಬರಹ ಅಲ್ಲ.

ಬಯಾಪ್ಸಿ, ಅಂದರೆ ಗಡ್ಡೆಯಿಂದ ತೆಗೆದ ಚಿಕ್ಕ ತುಂಡಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾಗಬಹುದು. ನನ್ನ ಪ್ರಕಾರ ಓಡಾಡುವ ಶಕ್ತಿ ಇರುವವರು ಇದನ್ನು ಮಾತ್ರ ಬಿಡಬಾರದು, ಯಾಕೆಂದರೆ 100ರಲ್ಲಿ 15-20 ಜನ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಗುಂಪಿಗೆ ಸೇರುತ್ತಾರೆ, ಉದಾಹರಣೆಗೆ ಕಂಕುಳ ಗಂಟಿನಲ್ಲಿ ಮಾತ್ರ ಕ್ಯಾನ್ಸರ್ ಸಿಕ್ಕ ಹೆಂಗಸರಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆಯೇ ನಡೆಯುತ್ತದೆ, ಅವರ ಲೆಕ್ಕ ಪೂರ್ತಿ ಬೇರೆ. ಲಿವರಿನಲ್ಲಿ ಹರಡಿದವರು ಸಾಮಾನ್ಯವಾಗಿ ಈ ಗುಂಪಿಗೆ ಬರುವುದಿಲ್ಲ, ಆದರೂ ಕರುಳಿನ ಕ್ಯಾನ್ಸರಿನ ಗುರುತು ಸಿಕ್ಕರೆ ಚಿಕಿತ್ಸೆಯೇ ಬದಲಾಗುತ್ತದೆ.

ಗಡ್ಡೆಯ ಜೀನ್ ಪರೀಕ್ಷೆ ದುಬಾರಿ, ವಾರಗಟ್ಟಲೆ ಕಾಯಬೇಕು. ಅದು ಎಷ್ಟು ದಿನ ಬದುಕುತ್ತಾರೆ ಅಂತ ಹೇಳುವುದಕ್ಕಿಂತ ಯಾವ ಔಷಧಿ ಅಂತ ಹುಡುಕಲು ಜಾಸ್ತಿ ಉಪಯೋಗ. 2019ರ ಜಪಾನಿನ ಅಧ್ಯಯನದಲ್ಲಿ ಜೀನ್ ನೋಡಿ ಮೂಲ ಊಹಿಸಿ ಚಿಕಿತ್ಸೆ ಕೊಟ್ಟರೂ ಆಯುಷ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮಾತ್ರ, ಜೀನ್ ನೋಡಿ ಔಷಧಿ ಕೊಟ್ಟಾಗ ಕಾಯಿಲೆ ಸ್ವಲ್ಪ ತಡವಾಗಿ ಬೆಳೆಯಿತು.

ಅಪ್ಪ ಹಾಸಿಗೆ ಹಿಡಿದಿದ್ದರೆ ಎಲ್‌ಡಿಎಚ್ ಸಾಕು, ಸುಮ್ನೆ ಬಸ್ಸಿನಲ್ಲಿ ಘಟ್ಟ ಹತ್ತಿಸಿ ಇಳಿಸಿ ದಣಿಸಬೇಡಿ. ಇನ್ನೂ ತೋಟಕ್ಕೆ ಹೋಗಿ ಬರುತ್ತಾರಾ? ಹಾಗಾದರೆ ಜೀನ್ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ, ಸಾಲ ಮಾಡಿಯಂತೂ ಬೇಡ.