ಗೆರೆ ಎಣಿಸುವ ಸೇವೆ, ಗುಂಪು ಅಳೆಯುವ ಸೇವೆ: ಬಿಸಿ ಪ್ಲಾಸ್ಮಾದ ಲೆಕ್ಕಕ್ಕೆ ಎರಡು ಉಚಿತ ಜಾಲತಾಣಗಳು

ಮಂಡ್ಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪರಮಾಣು ಭೌತಶಾಸ್ತ್ರ ಹೇಳಿಕೊಡುವ ನಾನು ಎರಡು ವರ್ಷಗಳಿಂದ ತರಗತಿಯಲ್ಲಿ ಪ್ಲಾಸ್ಮಾದ (ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟಿರುವ ಬಿಸಿ ಅನಿಲದ) ಲೆಕ್ಕಕ್ಕೆ ಎರಡು ಜಾಲಸೇವೆಗಳನ್ನು ಬಳಸುತ್ತಿದ್ದೇನೆ. ಎರಡನ್ನೂ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಒದಗಿಸುತ್ತದೆ, ಎರಡಕ್ಕೂ ಶುಲ್ಕವಿಲ್ಲ. ಆದರೆ ಇವು ಉತ್ತರಿಸುವ ಪ್ರಶ್ನೆಗಳು ಬೇರೆಬೇರೆ ಎಂಬುದನ್ನು ಅರಿಯದೆ ಕೈಹಾಕಿದವರಿಗೆ ನಿರಾಸೆಯಾಗುವುದು ಖಂಡಿತ.

ಮೊದಲನೆಯದು ಪರಮಾಣು ರೋಹಿತ ದತ್ತಕೋಶಕ್ಕೆ ಸೇರಿದ ಲಿಬ್ಸ್ (ಲೇಸರ್ ಬಡಿದು ಎಬ್ಬಿಸಿದ ಪ್ಲಾಸ್ಮಾದ ರೋಹಿತ ಪರೀಕ್ಷೆ) ಪುಟ. ಬೆಳಕನ್ನು ತರಂಗಾಂತರಕ್ಕೆ ತಕ್ಕಂತೆ ಬಿಡಿಸಿದಾಗ ಕಾಣುವ ಗೆರೆಗಳ ಪಟ್ಟಿಯೇ ರೋಹಿತ. ಧಾತು, ತರಂಗಾಂತರದ ವ್ಯಾಪ್ತಿ, ಎಲೆಕ್ಟ್ರಾನುಗಳ ತಾಪ ಮತ್ತು ಸಾಂದ್ರತೆಗಳನ್ನು ತುಂಬಿದರೆ, ಮೇಘನಾದ ಸಹಾ 1920ರಲ್ಲಿ ಕೊಟ್ಟ ಅಯಾನೀಕರಣ ಸಮೀಕರಣವನ್ನೂ (ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡು ಅಯಾನುಗಳಾಗಿವೆ ಎಂದು ಹೇಳುವುದು) ಬೋಲ್ಟ್ಸ್‌ಮನ್ ಹಂಚಿಕೆಯನ್ನೂ (ಯಾವ ಶಕ್ತಿಮಟ್ಟದಲ್ಲಿ ಎಷ್ಟಿವೆ ಎಂದು ಹೇಳುವುದು) ಬಳಸಿಕೊಂಡು, ದತ್ತಕೋಶದಲ್ಲಿರುವ ಒಂದೊಂದು ರೇಖೆಯನ್ನೂ ಅದರದರ ಜಾಗದಲ್ಲಿ ನಿಲ್ಲಿಸಿ ರೋಹಿತವನ್ನು ಬಿಡಿಸಿಕೊಡುತ್ತದೆ. ಕಬ್ಬಿಣವನ್ನು 1 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಅಂದರೆ ಸುಮಾರು 11,600 ಕೆಲ್ವಿನ್ ತಾಪದಲ್ಲಿ ಇಟ್ಟು ನೋಡಿದಾಗ ಪರದೆಯ ತುಂಬ ಗೆರೆಗಳು ಎದ್ದು ನಿಲ್ಲುವುದನ್ನು ಕಂಡ ವಿದ್ಯಾರ್ಥಿಗಳಿಗೆ, ಸಹಾ ಸಮೀಕರಣ ಪರೀಕ್ಷೆಗೆ ಬಾಯಿಪಾಠ ಮಾಡುವ ವಸ್ತುವಲ್ಲವೆಂದು ನಾನು ಬೇರೆ ಹೇಳಬೇಕಾಗಿಲ್ಲ. ಈ ಮಟ್ಟದ ತಾಪಕ್ಕೆ ಇದಕ್ಕಿಂತ ಒಳ್ಳೆಯ ಬೋಧನಾ ಸಾಧನ ನನಗೆ ಗೊತ್ತಿಲ್ಲ.

ತೊಡಕು ಶುರುವಾಗುವುದು ತಾಪ ಏರಿದಾಗ, ಅರೆ ತುಂಬಿದ ಕವಚಗಳಿರುವ ಅಯಾನುಗಳು ಒಟ್ಟೊಟ್ಟಿಗೆ ಇರುವಾಗ. ಕಪ್ಪುಹಲಗೆಯ ಮೇಲೆ ಡಿ ಉಪಕವಚದ ಹತ್ತು ಜಾಗಗಳಿಗೆ ಹತ್ತು ಚೌಕ ಬರೆದು, ಐದು ಎಲೆಕ್ಟ್ರಾನುಗಳನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದೆಂದು ಎಣಿಸಿದರೆ ಡಿ ಉಪಕವಚವೊಂದರಲ್ಲೇ 252 ಸ್ಥಿತಿಗಳು ಸಿಗುತ್ತವೆ. ಎಫ್ ಉಪಕವಚದ ಹದಿನಾಲ್ಕು ಜಾಗಗಳಲ್ಲಿ ಏಳು ಎಲೆಕ್ಟ್ರಾನುಗಳಿದ್ದರೆ 3,432. ಇಂಥ ಎರಡು ವಿನ್ಯಾಸಗಳ (ಎಲೆಕ್ಟ್ರಾನುಗಳನ್ನು ಉಪಕವಚಗಳಿಗೆ ಹಂಚಿದ ಬಗೆಗಳ) ನಡುವಿನ ರೇಖೆಗಳು ಸಾವಿರಗಟ್ಟಲೆಯಾಗಿ, ಒಂದರ ಅಗಲ ಇನ್ನೊಂದರ ಮೇಲೆ ಬಿದ್ದು, ಕೊನೆಗೆ ಒಂದೇ ಪಟ್ಟಿಯಾಗಿ ಕಾಣುತ್ತವೆ. ಮೈಸೂರಿನ ಅರಮನೆಯ ದೀಪಗಳನ್ನು ಚಾಮುಂಡಿ ಬೆಟ್ಟದ ಮೇಲಿಂದ ನೋಡಿದವರಿಗೆ ಇದು ಹೊಸದಲ್ಲ. ಒಂದೊಂದು ಬಲ್ಬನ್ನು ಎಣಿಸಲಾಗದಿದ್ದರೂ ಆ ಬೆಳಕು ಎಲ್ಲಿದೆ, ಎಷ್ಟು ಹರಡಿದೆ, ಒಟ್ಟು ಎಷ್ಟು ಪ್ರಖರವಾಗಿದೆ ಎಂದು ಹೇಳಬಹುದು.

ಬೌಶ್ ಆರ್ನೂ, ಬೌಶ್ ಮತ್ತು ಕ್ಲಾಪಿಷ್ ಎಂಬ ಭೌತವಿಜ್ಞಾನಿಗಳು 1979ರಿಂದ ಕಟ್ಟಿದ ವಿಧಾನ ಹೇಳುವುದೂ ಇದನ್ನೇ. ಬಿಡಿ ರೇಖೆಗಳನ್ನು ಲೆಕ್ಕಹಾಕದೆ, ಇಡೀ ಗುಂಪಿನ ಸರಾಸರಿ ಶಕ್ತಿಯನ್ನೂ ಹರವನ್ನೂ ಸೂತ್ರದಿಂದ ನೇರವಾಗಿ ಪಡೆಯಬಹುದು. 1989ರಲ್ಲಿ ಬಾರ್ ಶಾಲೋಮ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿನ್ಯಾಸಗಳನ್ನೇ ಕಂತೆ ಕಟ್ಟಿ ಮಹಾವಿನ್ಯಾಸಗಳನ್ನಾಗಿಸಿದರು. ಕಂತೆಗಳನ್ನು ಹಂತಹಂತವಾಗಿ ಒಡೆಯುತ್ತ ಹೋಗಿ, ಉತ್ತರ ಬದಲಾಗದ ಮಟ್ಟದಲ್ಲಿ ನಿಲ್ಲಿಸುವ ಅವರ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ.

ಎರಡನೆಯ ಸೇವೆಯಾದ ಫ್ಲೈಚೆಕ್ ಈ ಮಹಾವಿನ್ಯಾಸದ ಕಲ್ಪನೆಯನ್ನು ಆಧರಿಸಿದೆ. 2005ರಲ್ಲಿ ಪ್ರಕಟವಾದ ಈ ಮಾದರಿಯನ್ನು ಬಳಸಲು ಮೊದಲು ನೋಂದಾಯಿಸಿಕೊಳ್ಳಬೇಕು. ಶಕ್ತಿಮಟ್ಟಗಳನ್ನು ಸರಳವಾಗಿ, ಹೈಡ್ರೋಜನ್ನಿನ ಮಾದರಿಯಲ್ಲಿ ಇಟ್ಟುಕೊಳ್ಳುವುದರಿಂದ, ಸಮತೋಲನ ತಪ್ಪಿದ ಪ್ಲಾಸ್ಮಾದಲ್ಲಿಯೂ ಯಾವ ಅಯಾನು ಎಷ್ಟು ಪಾಲು ಇದೆಯೆಂಬುದನ್ನು ಬೇಗನೆ ಅಂದಾಜು ಮಾಡಿಕೊಡುತ್ತದೆ. ಅಯಾನುಗಳ ಸರಾಸರಿ ವಿದ್ಯುದಂಶ ಬೇಕಾದವರು ಇದನ್ನು ಧಾರಾಳವಾಗಿ ಬಳಸಬಹುದು. ರೋಹಿತದಲ್ಲಿ ಕಂಡ ಒಂದು ರೇಖೆ ಯಾವುದೆಂದು ಗುರುತಿಸಲು ಮಾತ್ರ ಇದನ್ನು ಹಿಡಿಯಬಾರದು. ಅದು ದತ್ತಕೋಶದ ಕೆಲಸ.

ಅಪಾರದರ್ಶಕತೆಯ, ಅಂದರೆ ಪ್ಲಾಸ್ಮಾ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆಯ, ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ರೋಸ್‌ಲ್ಯಾಂಡ್ ಸರಾಸರಿಯಲ್ಲಿ (ಎಲ್ಲ ತರಂಗಾಂತರಗಳಿಗೂ ಸೇರಿ ತೆಗೆಯುವ ಒಂದೇ ಅಂಕಿಯಲ್ಲಿ) ಅಪಾರದರ್ಶಕತೆಯ ವಿಲೋಮಕ್ಕೆ ತೂಕ ಸಿಗುವುದರಿಂದ, ರೇಖೆಗಳ ನಡುವಿನ ಸಂದುಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ. ನಾಲೆಯ ತೂಬಿಗೆ ಹಲಗೆ ಇಳಿಸಿದವರಿಗೆ ಗೊತ್ತಿರುವಂತೆ, ಹಲಗೆ ಎಷ್ಟೇ ದಪ್ಪವಾಗಿದ್ದರೂ ನೀರು ಹರಿಯುವುದು ಸಂದಿನಲ್ಲಿ. ಬಿಡಿ ರೇಖೆಗಳನ್ನು ನುಣುಪಾದ ಪಟ್ಟಿಯಾಗಿ ಹರಡಿದಾಗ ರೇಖೆಗಳಿಲ್ಲದ ಕಡೆಯ ಸಂದುಗಳೂ ಮುಚ್ಚಿ, ಅಪಾರದರ್ಶಕತೆ ಇರಬೇಕಾದುದಕ್ಕಿಂತ ಹೆಚ್ಚಾಗಿ ಬರುವ ಸಂಭವವಿದೆ. ಲೆಕ್ಕ ಕಡಿಮೆಯಾಗಿಯೂ ಬರಬಹುದು: ಸೂರ್ಯನ ಸಂವಹನ ವಲಯದ (ಬಿಸಿ ಅನಿಲ ಕುದಿಯುವಂತೆ ಮೇಲೆ ಕೆಳಗೆ ಹರಿದಾಡುವ ಹೊರ ಪದರದ) ಬುಡದಲ್ಲಿರುವಂಥ, ಸುಮಾರು 20 ಲಕ್ಷ ಕೆಲ್ವಿನ್ ತಾಪದಲ್ಲಿ, ಕಬ್ಬಿಣದ ಅಪಾರದರ್ಶಕತೆಯನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿರುವ, ಭಾರೀ ವಿದ್ಯುತ್ ಮಿಡಿತಗಳನ್ನು ಹರಿಸುವ ಝಡ್ ಯಂತ್ರದಲ್ಲಿ ಅಳೆದಾಗ, ಅದು ಲೆಕ್ಕಗಳು ಹೇಳಿದ್ದಕ್ಕಿಂತ ತರಂಗಾಂತರಕ್ಕೆ ತಕ್ಕಂತೆ ಶೇ. 30ರಿಂದ 400ರಷ್ಟು ಹೆಚ್ಚಿತ್ತೆಂದು 2015ರಲ್ಲಿ ಪ್ರಕಟವಾಯಿತು. ಆದ್ದರಿಂದ ಎಷ್ಟೇ ಅನುಕೂಲವಾದ ಸೇವೆಯಿಂದ ಬಂದ ಅಂಕಿಯನ್ನೂ ಅದರ ವಿಧಾನ ತಿಳಿಯದೆ ಬರೆದುಕೊಳ್ಳಲು ನಾನು ವಿದ್ಯಾರ್ಥಿಗಳನ್ನು ಬಿಡುವುದಿಲ್ಲ.

ಬಳಸಲು ಬಯಸುವ ಅಧ್ಯಾಪಕರಿಗೆ ನಮ್ಮ ತರಗತಿಯ ಒಂದು ಅಭ್ಯಾಸವನ್ನು ಹೇಳುತ್ತೇನೆ. ದತ್ತಕೋಶದಿಂದ ಒಂದು ಅಯಾನಿನ ಎರಡು ವಿನ್ಯಾಸಗಳ ನಡುವಿನ ರೇಖೆಗಳನ್ನು ಇಳಿಸಿಕೊಂಡು, ಪ್ರಾಬಲ್ಯಕ್ಕೆ ತಕ್ಕ ತೂಕ ಕೊಟ್ಟು ಸರಾಸರಿಯನ್ನೂ ಹರವನ್ನೂ ಲೆಕ್ಕಹಾಕಿ, ಅದೇ ಅಳತೆಯ, ಗಂಟೆಯಾಕಾರದ ಗಾಸಿಯನ್ ವಕ್ರರೇಖೆಯನ್ನು ಗೆರೆಗಳ ಮೇಲೆ ಎಳೆಯಿಸಬೇಕು. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಎಳೆದ ವಕ್ರರೇಖೆ ನಡುವೆ ಚೆನ್ನಾಗಿ ಕೂತು, ಕಡಿಮೆ ಶಕ್ತಿಯ ಕಡೆ ಗೆರೆಗಳಿಂದ ದೂರ ಸರಿದಿತ್ತು. ಆಕೆ ಪೆನ್ಸಿಲ್ಲನ್ನು ಅಲ್ಲೇ ನಿಲ್ಲಿಸಿ, "ಸರ್, ಓರೆಯನ್ನೂ ಲೆಕ್ಕಕ್ಕೆ ತಗೋಬೇಕಲ್ಲವಾ?" ಎಂದು ಕೇಳಿದಳು. ಮುಂದಿನ ತರಗತಿಯನ್ನು ಈ ಓರೆಯನ್ನು ಅಳೆಯುವ ಮೂರನೆಯ ಆಘೂರ್ಣದಿಂದಲೇ ಆರಂಭಿಸಿದೆವು.