‘ಸರ್ಕಾರದ ದುಡ್ಡಲ್ಲಿ ಸಿನಿಮಾ ಸೆಟ್ ತರಬೇತಿ’ ಅಂದರೆ ಮೊದಲು ಕಾಗದ ಕೇಳಿ

ಸಿಂಧನೂರು, ಮಾನ್ವಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ವಾರ ಒಂದು ಪೋಸ್ಟರ್ ಓಡಾಡುತ್ತಿದೆ: ‘ಸರ್ಕಾರಿ ಸಹಾಯಧನದ ಚಿತ್ರ, ಕಲ್ಯಾಣ ಕರ್ನಾಟಕದ ಹೊಸಬರಿಗೆ ಸೆಟ್‌ನಲ್ಲೇ ತರಬೇತಿ, ಸೀಟು ಕಡಿಮೆ.’ ಹೋದ ವರ್ಷ ಗಂಗಾವತಿಯಲ್ಲಿ ಇದೇ ಮಾತಿನ ಮೇಲೆ ನನ್ನಿಂದಲೂ ಇನ್ನೂ ಹಲವರಿಂದಲೂ ತಲಾ 25,000 ರೂಪಾಯಿ ಕಟ್ಟಿಸಿಕೊಂಡರು. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಯಾರಾದರೂ ಕಟ್ಟಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ.

ಮ್ಯಾನೇಜರ್ ಅಂತ ಬಂದವರು ನಮ್ಮ ಮನೆಯಲ್ಲೇ ಕೂತು ಅಪ್ಪನ ಮುಂದೆ ಹೇಳಿದ್ದು ಹೀಗೆ: ‘ನೋಡವಾ ತಂಗಿ, 371 ಜೆ ಒಳಗ ನಮ್ಮ ಭಾಗದ ಹುಡುಗ್ರಿಗೆ ಟ್ರೇನಿಂಗ್ ಕೊಡಾಕ ಸರಕಾರದ ರೊಕ್ಕ ಬರತೈತಿ. ನೀವು ಕಟ್ಟೂದು ಬರೇ ಡಿಪಾಸಿಟ್ರಿ, ಸಿನಿಮಾ ಮುಗದ ಮ್ಯಾಲೆ ವಾಪಸ್.’ 371 ಜೆ ಎಂಬುದು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ, ಅದರ ಹೆಸರು ಹೇಳಿದರೆ ನಮ್ಮ ಭಾಗದಲ್ಲಿ ಯಾರೂ ಎರಡನೇ ಮಾತು ಆಡುವುದಿಲ್ಲ. ಎಷ್ಟೋ ಮನೆಯ ಮಕ್ಕಳಿಗೆ ಮೆಡಿಕಲ್ ಸೀಟು, ನೌಕರಿ ಸಿಕ್ಕಿದ್ದು ಅದರಿಂದಲೇ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡದ್ದು ನನಗೆ ದುಡ್ಡಿಗಿಂತ ಹೆಚ್ಚು ನೋವು ಕೊಟ್ಟಿದೆ.

ಶೂಟಿಂಗ್ ಇದ್ದದ್ದು ಆನೆಗೊಂದಿ, ಸಣಾಪುರದ ಬಂಡೆಗಳ ನಡುವೆ, ಸುಡು ಬೇಸಿಗೆಯಲ್ಲಿ. ನಾನು ಹೆಸರು ಕೊಟ್ಟಿದ್ದು ನಿರ್ದೇಶನ ವಿಭಾಗಕ್ಕೆ. ಮಾಡಿಸಿದ್ದು ಬೆಳಕು ತಿರುಗಿಸುವ ಥರ್ಮಾಕೋಲ್ ಹಲಗೆ ಹಿಡಿಯುವುದು, ಜನ ಕಡಿಮೆ ಬಿದ್ದಾಗ ಜಾತ್ರೆಯ ಗುಂಪಿನಲ್ಲಿ ನಿಲ್ಲುವುದು, ಊಟದ ಎಲೆ ಎತ್ತುವುದು. ಕುಷ್ಟಗಿಯ ಒಬ್ಬಳು ಕ್ಯಾಮೆರಾ ಕಲಿಯಬೇಕೆಂದು ಬಂದಿದ್ದಳು, ಅವಳಿಗೆ ನೀರಿನ ಕ್ಯಾನ್ ಕಾಯುವ ಕೆಲಸ. ಕಾರಟಗಿಯ ಹುಡುಗನೊಬ್ಬ ತನ್ನ ಟಂಟಂಗೆ ತಾನೇ ಡೀಸೆಲ್ ಹಾಕಿಸಿ ಸಾಮಾನು ಸಾಗಿಸಿದ. ಬೇಟಾ, ಅಂದರೆ ದಿನದ ಭತ್ಯೆ, ಕೇಳಿದರೆ ‘ಟ್ರೇನಿಗಳಿಗೆ ಬೇಟಾ ಇರೂದಿಲ್ಲ’ ಅನ್ನುವ ಉತ್ತರ. ಹೆಣ್ಣುಮಕ್ಕಳಿಗೆ ಶೌಚಾಲಯವೂ ಇರಲಿಲ್ಲ. ಊರೊಳಗಿನ ಒಬ್ಬ ಅಜ್ಜಿ ‘ಬರ್ರೆವಾ’ ಅಂತ ಮನೆಗೆ ಕರೆಯದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ಕಲಿಸಿದ್ದು ಒಬ್ಬರೇ, ಒಬ್ಬ ಅಸೋಸಿಯೇಟ್ ಡೈರೆಕ್ಟರ್ ಅಣ್ಣ. ಒಂದು ಮಧ್ಯಾಹ್ನ ಕಂಟಿನ್ಯೂಟಿ ಹಾಳೆ ತೋರಿಸಿ, ನಾಯಕನ ಹೆಗಲ ಟವೆಲ್ ಹಿಂದಿನ ಶಾಟ್‌ನಲ್ಲಿ ಯಾವ ಕಡೆ ಇತ್ತು, ಹಣೆಯ ಬೆವರು ಎಷ್ಟಿತ್ತು, ಅದನ್ನೆಲ್ಲ ಯಾಕೆ ಬರೆದಿಡಬೇಕು ಎಂದು ಬಿಡಿಸಿ ಹೇಳಿದರು. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ, ಆ ಹಾಳೆ ತಪ್ಪಿದರೆ ಎಡಿಟಿಂಗ್ ಟೇಬಲ್ ಮೇಲೆ ಇಡೀ ದೃಶ್ಯ ಕೆಡುತ್ತದೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ಸೆಟ್‌ನಲ್ಲಿ ಎಷ್ಟೊಂದು ಕಲಿಯಬಹುದು ಅಂತ ಆವತ್ತು ಅರ್ಥವಾಯಿತು. ಅವರಿಗೂ ಸಂಬಳ ಬಾಕಿ ಇತ್ತಂತೆ, ಆ ವಾರವೇ ಬಿಟ್ಟು ಹೋದರು.

ಈಗ ಮುಖ್ಯ ವಿಷಯ. ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮೂಲಕ. ಸಿನಿಮಾ ಪೂರ್ತಿ ಮುಗಿದು, ಸೆನ್ಸಾರ್ ಆದ ಮೇಲೆ ನಿರ್ಮಾಪಕರು ಅರ್ಜಿ ಹಾಕುತ್ತಾರೆ, ಆಯ್ಕೆ ಸಮಿತಿ ಚಿತ್ರ ನೋಡಿ ತೀರ್ಮಾನಿಸುತ್ತದೆ. ಇನ್ನೂ ಶೂಟಿಂಗೇ ಆಗದ ಚಿತ್ರವನ್ನು ‘ಸಹಾಯಧನದ ಚಿತ್ರ’ ಅನ್ನಲು ಬರುವುದಿಲ್ಲ. 371 ಜೆ ಸಂವಿಧಾನಕ್ಕೆ ಸೇರಿದ್ದು 98ನೇ ತಿದ್ದುಪಡಿಯಿಂದ. ಅದರಲ್ಲಿ ಇರುವುದು ಈ ಭಾಗದ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಸರ್ಕಾರಿ ನೌಕರಿಯ ಮೀಸಲಾತಿಯ ಮಾತು. ಖಾಸಗಿ ಸಿನಿಮಾ ಸೆಟ್‌ಗೆ ಡಿಪಾಸಿಟ್ ಕಟ್ಟಿಸಿಕೊಳ್ಳುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ.

ಪ್ರಾದೇಶಿಕ ನಿಧಿಯಿಂದ ಹೊಸಬರನ್ನು ಸೆಟ್‌ನಲ್ಲಿ ತಯಾರು ಮಾಡುವ ವ್ಯವಸ್ಥೆ ಲೋಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಫಿಲ್ಮ್ ಕಮ್ರಿ ಎಂಬ ಸಂಸ್ಥೆ ‘ಫುಟ್ ಇನ್ ದ ಡೋರ್’ ಹೆಸರಿನಲ್ಲಿ ಅದನ್ನು ನಡೆಸಿದೆ, ಅಲ್ಲಿ ಕಲಿಯಲು ಬಂದವರಿಗೇ ದುಡ್ಡು ಕೊಟ್ಟಿದ್ದಾರೆ. ಅಂಥದ್ದು ನಮ್ಮ ಕೊಪ್ಪಳ, ರಾಯಚೂರಿಗೂ ಬರಬೇಕು ಎಂದು ಮನಸಾರೆ ಬಯಸುತ್ತೇನೆ. ವೃತ್ತಿ ನಾಟಕ, ಬಯಲಾಟ ನೋಡುತ್ತ ಬೆಳೆದ ಈ ನೆಲದಲ್ಲಿ ಕಲಿಯುವ ಹುಡುಗರಿಗೆ ಬರವಿಲ್ಲ.

ಹಾಗಾಗಿ ಯಾರಾದರೂ ಮನೆಗೆ ಬಂದರೆ ಲಿಖಿತ ಒಪ್ಪಂದ ಕೇಳಿ. ಸಿನಿಮಾ ಕೆಲಸಗಾರರನ್ನು ನೇಮಿಸಿಕೊಳ್ಳುವಾಗ ಬರವಣಿಗೆಯ ಕರಾರು ಇರಬೇಕೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯೂ ಅದನ್ನೇ ಹೇಳುತ್ತದೆ. ಚಿತ್ರದ ಶೀರ್ಷಿಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾಗಿದೆಯೇ, ಯಾವ ವಿಭಾಗದಲ್ಲಿ ಯಾರ ಕೈಕೆಳಗೆ ಕಲಿಯುವುದು, ದಿನಕ್ಕೆ ಬೇಟಾ ಎಷ್ಟು, ಇವನ್ನು ಕೇಳಿ. ಸರ್ಕಾರದ ಹೆಸರು ಹೇಳಿದರೆ ಜಿಲ್ಲಾ ವಾರ್ತಾ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ, ಖರ್ಚಿಲ್ಲದ ಕೆಲಸ ಅದು. ಉತ್ತರದ ಬದಲು ‘ಸೀಟು ಹೋಗತೈತಿ’ ಅಂತ ಅವಸರ ಮಾಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಫೋನ್‌ಪೇ, ಗೂಗಲ್‌ಪೇಯಲ್ಲಿ ಈಗಷ್ಟೇ ಕಟ್ಟಿದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮ ಜೊತೆ ಗಂಗಾವತಿಯಲ್ಲಿ ಕಟ್ಟಿದವರು ಸ್ಕ್ರೀನ್‌ಶಾಟ್, ರಸೀದಿ, ಅವರು ಕಳಿಸಿದ ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಎಲ್ಲರೂ ಸೇರಿ ಒಂದೇ ದೂರು ಬರೆಯುತ್ತಿದ್ದೇವೆ, ನಿಮ್ಮ ಹೆಸರನ್ನೂ ಸೇರಿಸಬೇಕಿದೆ.