ಪವರ್ ಸ್ಟೀರಿಂಗ್ ಸೋರುತ್ತಿದೆಯಾ? ಬಾಕ್ಸ್ ಬದಲಿಸುವ ಮುಂಚೆ ಇದನ್ನು ಓದಿ

ಹಳೇ ಗಾಡಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಾಕ್ಸ್ ಅಂದರೆ ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ತಲುಪಿಸುವ ಸ್ಟೀರಿಂಗ್ ಬಾಕ್ಸ್. ಶಿರಾಡಿ ಘಾಟಿಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅವತ್ತು ಗಾಡಿಯಲ್ಲಿ ನಾನು, ಹೆಂಡತಿ, ಅಪ್ಪ, ಅಮ್ಮ, ಆರು ವರ್ಷದ ಮಗಳು ಇದ್ದೆವು.

ನಮ್ಮದು 2006ರ ಇನ್ನೋವಾ, ಡೀಸೆಲ್. ಹದಿನೈದು ವರ್ಷ ತುಂಬಿದ ಮೇಲೆ ಹಸಿರು ತೆರಿಗೆ ಕಟ್ಟಿ, ಇನ್ನೂ ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿ ಓಡಿಸುತ್ತಿದ್ದೆವು. ಇಂಜಿನ್ ಬಗ್ಗೆ ಒಂದು ದೂರಿಲ್ಲ. ಇಷ್ಟು ವರ್ಷ ಓಡಿದ ಮೇಲೆ, ಎಣ್ಣೆ ಹೊರಗೆ ಬರದಂತೆ ತಡೆಯುವ ರಬ್ಬರ್ ಸೀಲ್ ಗಟ್ಟಿಯಾಗುವುದು ಯಾವ ಗಾಡಿಗಾದರೂ ಸಹಜ. ತೊಂದರೆ ಆಗಿದ್ದು ರಿಪೇರಿಯಿಂದ.

ಮೊದಲು ಕಂಡಿದ್ದು ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ಒಂದು ಕೆಂಪು ಹನಿ. ಎಸಿ ನೀರು ಆಗಿದ್ದರೆ ಒಣಗಿ ಹೋಗುತ್ತೆ. ಇಂಜಿನ್ ಆಯಿಲ್ ಆಗಿದ್ದರೆ ಕಪ್ಪಗಿರುತ್ತೆ. ಇದು ತೆಳ್ಳಗೆ, ಕೆಂಪಗೆ, ಮುಟ್ಟಿದರೆ ಜಾರುತ್ತಿತ್ತು. ಇನ್ನೋವಾದ ಪವರ್ ಸ್ಟೀರಿಂಗ್‌ಗೆ ಹಾಕುವುದು ಡೆಕ್ಸ್‌ರಾನ್ ಜಾತಿಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ) ಎಣ್ಣೆ, ಅದರ ಬಣ್ಣವೇ ಕೆಂಪು. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿಟ್ಟೆ. ಬೆಳಿಗ್ಗೆ ನೋಡಿದರೆ ಎಡಗಡೆ ಮುಂದಿನ ಚಕ್ರದ ಒಳಬದಿಯಲ್ಲಿ ರೊಟ್ಟಿ ಅಗಲದ ಕಲೆ.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ಸುಮ್ನೆ ಎಣ್ಣೆ ತುಂಬಿಸುತ್ತಾ ಓಡಿಸಿದೆ. ಸೋರಿಕೆ ನಿಲ್ಲಿಸುತ್ತೆ ಅಂತ ಮಾರುವ ಒಂದು ಡಬ್ಬಿಯನ್ನೂ ತಂದು ಹಾಕಿದೆ. ಗಟ್ಟಿಯಾದ ಸೀಲನ್ನು ಅದು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತೆ, ಅಷ್ಟೇ. ಒಂದು ವಾರ ನಿಂತಂತೆ ಕಂಡಿತು, ಆಮೇಲೆ ಮೊದಲಿಗಿಂತ ಜಾಸ್ತಿ ಸೋರಿತು. ಈ ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ ಹತ್ತುವ ಸಾಧ್ಯತೆ ಇದೆ ಅನ್ನುವುದು ಆಗ ನನ್ನ ತಲೆಗೇ ಬಂದಿರಲಿಲ್ಲ.

ಹಾಸನದಲ್ಲಿ ನಮ್ಮ ಪರಿಚಯದವರು ಹೇಳಿದ ಒಂದು ಗ್ಯಾರೇಜಿಗೆ ಬಿಟ್ಟೆ. ಆತ ಕೆಳಗೆ ಬಗ್ಗಿ ನೋಡಿ, "ಬಾಕ್ಸ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ, ಇಪ್ಪತ್ತೆರಡು ಸಾವಿರ ಆಗುತ್ತೆ" ಅಂದ. ಎರಡೇ ದಿನಕ್ಕೆ ಗಾಡಿ ಕೈಗೆ ಬಂತು. ಬಿಲ್ ಕೇಳಿದ್ದಕ್ಕೆ ಬಿಳಿ ಚೀಟಿಯಲ್ಲಿ "ಸ್ಟೀರಿಂಗ್ ಬಾಕ್ಸ್ + ಲೇಬರ್" ಅಂತ ಬರೆದು ಕೊಟ್ಟ. ಜಿಎಸ್‌ಟಿ ಬಿಲ್ ಬೇಕು ಅಂದರೆ ಇನ್ನೂ ದುಡ್ಡು ಜಾಸ್ತಿ ಆಗುತ್ತೆ ಅಂದ, ನಾನೂ ಬೇಡ ಅಂದುಬಿಟ್ಟೆ. ಹಳೇ ಬಾಕ್ಸ್ ಎಲ್ಲಿ ಅಂತ ಕೇಳಲಿಲ್ಲ. ಹೊಸದು ಬಂದ ಪೆಟ್ಟಿಗೆಯನ್ನೂ ನೋಡಲಿಲ್ಲ. ಕೆಳಗೆ ಇಣುಕಿದಾಗ ಕಪ್ಪಗೆ ಮಿರಮಿರ ಮಿನುಗುವ ಬಾಕ್ಸ್ ಕಂಡಿತು, ಹೊಸದೇ ಅಂತ ನಂಬಿದೆ.

ಮೂರು ವಾರ ಚೆನ್ನಾಗೇ ಇತ್ತು. ಆದರೆ ಗಾಡಿ ಅಷ್ಟರಲ್ಲೇ ನಾಲ್ಕು ಸೂಚನೆ ಕೊಟ್ಟಿತ್ತು. ನೇರವಾಗಿ ಹೋಗುವಾಗಲೂ ಸ್ಟೀರಿಂಗ್ ಒಂದು ಚೂರು ಎಡಕ್ಕೆ ಓರೆಯಾಗಿರುತ್ತಿತ್ತು. ತಿರುವು ಮುಗಿದ ಮೇಲೆ ತಾನಾಗಿ ಮಧ್ಯಕ್ಕೆ ಬರುತ್ತಿರಲಿಲ್ಲ, ಕೈಯಿಂದ ತರಬೇಕಿತ್ತು. ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಎಣ್ಣೆ ತಳ್ಳುವ ಪಂಪು ಗುಂಯ್ ಅನ್ನುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹಂಪ್ ದಾಟುವಾಗ ಸ್ಟೀರಿಂಗ್ ಕಂಬದ ಬುಡದಲ್ಲಿ ಟಕ್ ಅಂತ ಒಂದು ಸಣ್ಣ ಸದ್ದು. ಫೋನ್ ಮಾಡಿ ಕೇಳಿದರೆ, "ಹೊಸ ಬಾಕ್ಸ್ ಅಲ್ವಾ ಸಾರ್, ಸೆಟ್ ಆಗೋಕೆ ಟೈಮ್ ತಗೊಳುತ್ತೆ" ಅನ್ನುವ ಉತ್ತರ. ಇದನ್ನು ಯಾರು ಹೇಳಿದರೂ ನಂಬಬೇಡಿ. ಸ್ಟೀರಿಂಗ್ ಸರಿಯಾಗಿ ಕೂರಿಸಿದ್ದರೆ ಮೊದಲ ದಿನದಿಂದಲೇ ಸರಿ ಇರುತ್ತೆ.

ಜುಲೈನಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಸಕಲೇಶಪುರ ದಾಟಿ ದೋಣಿಗಾಲ್‌ನಿಂದ ಘಾಟಿ ಇಳಿಯಲು ಶುರು ಮಾಡಿದಾಗ ಜಡಿಮಳೆ. ಮಾರನಹಳ್ಳಿ ಕಳೆದು ಒಂದು ಎಡ ತಿರುವಿನಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಆಯಿತು. ಎಣ್ಣೆ ಖಾಲಿಯಾದರೂ ಚಕ್ರ ತಿರುಗುತ್ತೆ, ಆದರೆ ಮೈಯ ಬಲವೆಲ್ಲ ಹಾಕಬೇಕು. ಎರಡೂ ಕೈಯಿಂದ ಎಳೆದೆ. ಆಗ ಟಕ್ ಟಕ್ ಅಂತ ಎರಡು ಸಲ ಸದ್ದಾಗಿ, ಸ್ಟೀರಿಂಗ್ ಒಂದು ಕ್ಷಣ ಸಡಿಲವಾಗಿ ತಿರುಗಿತು. ಚಕ್ರ ತಿರುಗಲಿಲ್ಲ. ಎದುರಿಗೆ ಟ್ಯಾಂಕರ್ ಬರುತ್ತಿತ್ತು. ನಿಧಾನವಾಗಿ ಇಳಿಯುತ್ತಿದ್ದೆವು, ಬ್ರೇಕ್ ಸರಿಯಾಗಿತ್ತು, ಗಾಡಿ ನಿಂತಿತು. ಟ್ಯಾಂಕರಿನವನೂ ನಿಲ್ಲಿಸಿದ. ನನಗೆ ಕೈಕಾಲು ನಡುಗುತ್ತಿತ್ತು. ಹಿಂದೆ ಅಮ್ಮ ಮಗಳನ್ನು ಅಪ್ಪಿಕೊಂಡು "ಮಂಜುನಾಥ, ಮಂಜುನಾಥ" ಅನ್ನುತ್ತಿದ್ದರು.

ಮನೆಯವರನ್ನು ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಟೋ ಮಾಡಿಸಿಕೊಂಡು ನೆಲ್ಯಾಡಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಟಾರ್ಚ್ ಹಿಡಿದು ಕೆಳಗೆ ಮಲಗಿದವರು ಸ್ವಲ್ಪ ಹೊತ್ತಿಗೆ, "ಇದು ಯಾರು ಮಾಡಿದ್ದು ಮಾರಾಯ್ರೆ? ಬನ್ನಿ, ನೀವೇ ನೋಡಿ" ಅಂದರು.

ಸ್ಟೀರಿಂಗ್ ಕಂಬದಿಂದ ಬರುವ ರಾಡು ಕೆಳಗೆ ಬಾಕ್ಸಿನ ಹಲ್ಲಿನ ಮೇಲೆ ಕೂರುತ್ತೆ. ಅದನ್ನು ಬಿಗಿಯಾಗಿ ಹಿಡಿದಿಡುವುದು ಒಂದೇ ಒಂದು ಬೋಲ್ಟ್. ಅವರು ಆ ಬೋಲ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ತೋರಿಸಿದರು. ಸ್ಪ್ಯಾನರ್ ಬೇಕಾಗಲೇ ಇಲ್ಲ. ರಾಡು ಹಲ್ಲಿನ ಮೇಲೆ ಪೂರ್ತಿ ಇಳಿದಿರಲೂ ಇಲ್ಲ, ತುದಿಯಲ್ಲಿ ಹೇಗೋ ನಿಂತಿತ್ತು. ಇನ್ನೆರಡು ತಿರುವು ಕಳೆದಿದ್ದರೆ ಕಳಚಿಯೇ ಹೋಗುತ್ತಿತ್ತು.

ಆಮೇಲೆ ಎಡಗಡೆ ರಬ್ಬರ್ ಬೂಟ್, ಅಂದರೆ ಬಾಕ್ಸಿನ ತುದಿಗೆ ಹಾಕಿರುವ ರಬ್ಬರ್ ಕವಚ, ಹಿಸುಕಿ ನೋಡಿ ಅಂದರು. ಹಿಸುಕಿದೆ. ನೀರು ತುಂಬಿದ ಪ್ಲಾಸ್ಟಿಕ್ ಕವರಿನ ಹಾಗೆ ಒಳಗೆ ಏನೋ ತುಳುಕಿತು. ಕ್ಲಿಪ್ ಬಿಚ್ಚಿದ ಕೂಡಲೇ ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ ಮೊಣಕೈವರೆಗೂ ಸುರಿಯಿತು. ಬೂಟಿನ ಒಳಗೆ ಎಡಕ್ಕೆ ಬಲಕ್ಕೆ ಓಡಾಡಿ ಚಕ್ರ ತಿರುಗಿಸುವ ಬಾಕ್ಸಿನ ರಾಡು ಇರುತ್ತೆ, ಇದು ಕಂಬದಿಂದ ಬರುವ ರಾಡಲ್ಲ. ಅದನ್ನು ಬಟ್ಟೆಯಲ್ಲಿ ಒರೆಸಿ, "ಉಗುರಲ್ಲಿ ಕೆರೆದು ನೋಡಿ" ಅಂದರು. ಉಗುರು ಅಲ್ಲಲ್ಲಿ ಸಿಕ್ಕಿಕೊಂಡಿತು. ತುಕ್ಕು ತಿಂದು ಸಾಸಿವೆ ಕಾಳಿನಷ್ಟು ಗುಳಿಗಳು. ಬಾಕ್ಸಿನ ಮೈಯನ್ನು ಸ್ಕ್ರೂ ಡ್ರೈವರಿಂದ ಗೀರಿದರೆ ಕಪ್ಪು ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಉದುರಿ, ಕೆಳಗೆ ಹಳೇ ಅಲ್ಯೂಮಿನಿಯಂ ಕಂಡಿತು. ಹೊಸದು ಅಂತ ಹಾಕಿದ್ದು ನಮ್ಮದೇ ಹಳೇ ಬಾಕ್ಸೋ, ಗುಜರಿಯಿಂದ ತಂದದ್ದೋ, ಅಂತೂ ಸೀಲ್ ಕಿಟ್ (ಹೊಸ ಸೀಲುಗಳ ಸೆಟ್) ಹಾಕಿ ಪೇಂಟ್ ಹೊಡೆದದ್ದು.

ಇಲ್ಲಿರುವ ವಿಷಯ ದಯವಿಟ್ಟು ಗಮನಿಸಿ. ಸೋರುವುದು ಸೀಲಿನಿಂದ, ನಿಜ. ಆದರೆ ಸೀಲು ಹಾಳಾಗುವುದಕ್ಕೆ ಬಹಳ ಸಲ ಬಾಕ್ಸಿನ ಈ ರಾಡೇ ಕಾರಣ. ಹೊರಗಿನ ರಬ್ಬರ್ ಬೂಟ್ ಹರಿದರೆ ಕೆಸರು ನೀರು ಒಳಗೆ ಹೋಗುತ್ತೆ, ರಾಡು ತುಕ್ಕು ಹಿಡಿಯುತ್ತೆ. ಆ ತುಕ್ಕಿನ ಗುಳಿಗಳು ಎಡಕ್ಕೆ ಬಲಕ್ಕೆ ಓಡಾಡುವಾಗ ಹೊಸ ಸೀಲಿನ ತುಟಿಯನ್ನೂ ಅರದ ಹಾಗೆ ಕೊರೆಯುತ್ತವೆ. ಅಂಥ ರಾಡಿಗೆ ಎಷ್ಟು ಒಳ್ಳೆ ಸೀಲ್ ಕಿಟ್ ಹಾಕಿದರೂ ಕೆಲವೇ ವಾರ. ರಾಡು ಕನ್ನಡಿಯ ಹಾಗೆ ನುಣ್ಣಗಿದ್ದರೆ ಸೀಲ್ ಕಿಟ್ ಹಾಕಿಸುವುದು ತಪ್ಪಲ್ಲ, ದುಡ್ಡೂ ಉಳಿಯುತ್ತೆ. ಬಿಚ್ಚಿ ನೋಡದೆ ಯಾವುದು ಬೇಕು ಅಂತ ಹೇಳುವವರನ್ನು ನಂಬಬೇಡಿ. ಬಿಚ್ಚಿದಾಗ ನೀವು ಪಕ್ಕದಲ್ಲಿ ಇರಿ, ಉಗುರಲ್ಲಿ ಕೆರೆದು ನೋಡಿ.

ಹೊಸ ಬಾಕ್ಸ್ ಮಂಗಳೂರಿಂದ ಮಾರನೇ ದಿನ ಬಸ್ಸಲ್ಲಿ ಬಂತು, ಸೀಲ್ ಒಡೆಯದ ಪೆಟ್ಟಿಗೆ, ಪಾರ್ಟ್ ನಂಬರ್ ಸಮೇತ ಬಿಲ್. ಆ ಹಿರಿಯರು ಕೆಲಸ ಮಾಡಿದ ರೀತಿಯನ್ನು ಹತ್ತಿರ ಕೂತು ನೋಡಿದೆ. ಮೊದಲು ಚಕ್ರ ನೇರ ಮಾಡಿ, ಸೀಟ್ ಬೆಲ್ಟನ್ನು ಸ್ಟೀರಿಂಗ್ ಒಳಗಿಂದ ತೂರಿಸಿ ಬಿಗಿದು ಹಾಕಿದರು. ಕೆಳಗೆ ಕಂಬದ ರಾಡು ಕಳಚಿದಾಗ ಮೇಲೆ ಸ್ಟೀರಿಂಗ್ ತನ್ನಷ್ಟಕ್ಕೆ ಸುತ್ತಬಾರದು. ಸುತ್ತಿದರೆ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಒಳಗಿನ ಸುರುಳಿ ವೈರ್ ತುಂಡಾಗುತ್ತೆ, ಹಾರನ್ನೂ ನಿಲ್ಲುತ್ತೆ. ರಾಡು ಹಲ್ಲಿನ ಮೇಲೆ ಕೂತಿದ್ದ ಜಾಗಕ್ಕೆ ಪೇಂಟಲ್ಲಿ ಗುರುತು ಹಾಕಿಕೊಂಡರು. ಹಳೇ ಎಣ್ಣೆ ಪೂರ್ತಿ ತೆಗೆದು, ಗಾಡಿಯಲ್ಲಿ ಸ್ಟೀರಿಂಗ್ ಎಣ್ಣೆ ತುಂಬಿಸುವ ಡಬ್ಬಿ ಬಿಚ್ಚಿ ತೊಳೆದು, ಪೈಪುಗಳಲ್ಲಿ ಹೊಸ ಎಣ್ಣೆ ಓಡಿಸಿ ಕೆಂಪಗೆ ಬರುವ ತನಕ ಚೆಲ್ಲಿದರು. ಹಳೇ ಕೊಳೆ ಉಳಿದರೆ ಹೊಸ ಬಾಕ್ಸಿನ ಸೀಲನ್ನೂ ಅದೇ ತಿನ್ನುತ್ತೆ. ಪೈಪ್ ಸೇರುವ ಕಡೆ ಹೊಸ ವಾಷರ್ ಹಾಕಿದರು.

ಗಾಳಿ ತೆಗೆಯುವ ಕೆಲಸಕ್ಕೆ ಅವರು ಅರ್ಧ ಗಂಟೆ ಕೊಟ್ಟರು. ಮುಂದಿನ ಎರಡೂ ಚಕ್ರ ಜಾಕಲ್ಲಿ ಎತ್ತಿ, ಇಂಜಿನ್ ಆಫ್ ಇಟ್ಟೇ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ, ಇಳಿದಷ್ಟು ಎಣ್ಣೆ ತುಂಬಿಸುತ್ತಾ ಹೋದರು. ಗುಳ್ಳೆ ನಿಂತ ಮೇಲಷ್ಟೇ ಇಂಜಿನ್ ಸ್ಟಾರ್ಟ್. ಡಬ್ಬಿಯಲ್ಲಿ ನೊರೆ ಕಂಡರೆ ಒಳಗೆ ಗಾಳಿ ಇದೆ ಅಂತಲೇ ಅರ್ಥ, ಗುಂಯ್ ಸದ್ದೂ ಬಹಳ ಸಲ ಅದರದ್ದೇ. ಪೂರ್ತಿ ತಿರುಗಿಸಿ ಹಾಗೇ ಒತ್ತಿ ಹಿಡಿಯಬೇಡಿ, ಪಂಪು ಬಿಸಿಯಾಗಿ ಹೋಗುತ್ತೆ ಅಂತಲೂ ಹೇಳಿದರು. ಕೊನೆಗೆ ಆ ಬೋಲ್ಟನ್ನು ಹೊಸದೇ ಹಾಕಿ, ಟಾರ್ಕ್ ರೆಂಚಲ್ಲಿ (ಎಷ್ಟು ಬೇಕೋ ಅಷ್ಟೇ ಬಿಗಿಯುವ ಸ್ಪ್ಯಾನರ್) ಬಿಗಿದು, ಅದರ ತಲೆ ಮೇಲಿಂದ ಪಕ್ಕದ ಲೋಹದವರೆಗೆ ಹಳದಿ ಗೀಟು ಎಳೆದರು. ಆ ಗೀಟು ಸರಿದಿದ್ದರೆ ಬೋಲ್ಟ್ ಸಡಿಲವಾಗಿದೆ ಅಂತ ನಿಮಗೇ ಗೊತ್ತಾಗುತ್ತೆ ಅಂದರು. ಚಕ್ರಗಳ ಅಲೈನ್‌ಮೆಂಟ್ ಪುತ್ತೂರಿನಲ್ಲಿ ಮಾಡಿಸಿಕೊಂಡೆ. ಬಾಕ್ಸ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್ ಒಂದು ಬದಿ ಸವೆದು ಹೋಗುತ್ತೆ.

ಎಣ್ಣೆ ವಿಷಯದಲ್ಲೂ ಹುಷಾರು. ಎಲ್ಲಾ ಗಾಡಿಗೂ ಒಂದೇ ಎಣ್ಣೆ ಅಲ್ಲ. ಹೋಂಡಾಗೆ ಅವರದೇ ಬೇರೆ ಎಣ್ಣೆ ಇದೆ. ಗಾಡಿಯಲ್ಲಿರುವ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿಸಿ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಒಂದೇ ಸಲಕ್ಕೆ ಸೀಲೆಲ್ಲ ಉಬ್ಬಿ ಹಾಳಾಗುತ್ತವೆ.

ಹಾಸನಕ್ಕೆ ವಾಪಸ್ ಬಂದು ಆ ಗ್ಯಾರೇಜಿಗೆ ಹೋದೆ. ಪೇಂಟ್ ಕೆರೆದ ಬಾಕ್ಸನ್ನು ಅವರ ಮುಂದೆಯೇ ಇಟ್ಟೆ. "ನಾವು ಹೊಸದು ಅಂತ ಎಲ್ಲಿ ಬರೆದುಕೊಟ್ಟಿದ್ದೀವಿ?" ಅಂದರು. ನನ್ನ ಕೈಯಲ್ಲಿ ಇದ್ದದ್ದು ಆ ಬಿಳಿ ಚೀಟಿ ಮಾತ್ರ, ಅದರಲ್ಲಿ ಗ್ಯಾರೇಜಿನ ಹೆಸರೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಹೊರಟಾಗ ಮೊದಲು ಬೇಕಾಗಿದ್ದೇ ಬಿಲ್. ಸ್ವಲ್ಪ ದುಡ್ಡು ಉಳಿಸಲು ಹೋಗಿ ಬಿಲ್ ಬಿಟ್ಟವನಿಗೆ ಇಪ್ಪತ್ತೆರಡು ಸಾವಿರದಲ್ಲಿ ಒಂದು ರೂಪಾಯಿ ವಾಪಸ್ ಬರಲಿಲ್ಲ.

ಇವತ್ತೇ ನಿಮ್ಮ ಗಾಡಿಯ ಮುಂದಿನ ಎರಡೂ ಬೂಟ್ ಒಮ್ಮೆ ಹಿಸುಕಿ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೋದವರು ಅಡ್ವಾನ್ಸ್ ಕೊಡುವ ಮುಂಚೆ ನೋಡಿ. ಸ್ಟೀರಿಂಗ್ ಕೆಲಸ ಮಾಡಿಸಿದವರು ಆ ಒಂದು ಬೋಲ್ಟ್ ತೋರಿಸಿ ಅಂತ ಕೇಳಿ, ಅದಕ್ಕೆ ಗೀಟು ಹಾಕಿಸಿಕೊಳ್ಳಿ. ಹಳೇ ಬಾಕ್ಸ್ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ತುಕ್ಕಿನ ಗುಳಿ ಹೇಗಿರುತ್ತೆ ಅಂತ ನೋಡಬೇಕು ಅನ್ನುವವರಿಗೆ ತೋರಿಸುತ್ತೇನೆ.